ಜೀಪಿನ ಫೋರ್‌ವೀಲ್ ಲಿವರ್ ಹಿಡಿದುಕೊಂಡರೆ ಏನು ಮಾಡಬೇಕು?

ಎರೆಭೂಮಿಯವರಿಗೆ ಹಿಂಗಾರಿ ಹದ ಅಂದರೆ ಏನಂತ ನಾನು ಹೇಳಬೇಕಾಗಿಲ್ಲ. ಮಳೆ ನಿಂತ ಮೇಲೆ ಹೊಲ ಕಾಲಿಡಲು ಬರುವವರೆಗೆ ಕಾಯಬೇಕು, ಬಂದ ಮೇಲೆ ಕಾಯುವಂತಿಲ್ಲ. 2019ರ ಅಕ್ಟೋಬರಿನಲ್ಲಿ ಕಡಲೆ ಬಿತ್ತುವ ಹೊತ್ತಿಗೆ ಮೂರು ಚೀಲ ಬೀಜ, ನಾಲ್ಕು ಚೀಲ ಗೊಬ್ಬರ ಹೇರಿಕೊಂಡು ಹೊರಟ ನಮ್ಮ ಹಳೆ ಮಹೀಂದ್ರ ಜೀಪು ಹಳ್ಳದ ದಂಡೆ ಏರುವಾಗ ರಾಡಿಯಲ್ಲಿ ಕೂತುಬಿಟ್ಟಿತು. ಫೋರ್‌ವೀಲ್ ಹಾಕೋಣವೆಂದರೆ ಲಿವರ್ ಅಲುಗಲಿಲ್ಲ. ಮಗ ಮೂರಡಿ ಪೈಪು ತಂದು ಲಿವರಿಗೆ ಸಿಗಿಸಿ ಜಗ್ಗಿದ. ಲಿವರ್ ಬಾಗಿತು, ಗೇರು ಮಾತ್ರ ಬೀಳಲಿಲ್ಲ. ಟ್ರ್ಯಾಕ್ಟರ್ ಸಿಕ್ಕು ಜೀಪು ಹೊರಗೆ ಬರುವುದಕ್ಕೆ ಎರಡು ದಿನ, ಬಿತ್ತನೆ ಮುಗಿಯುವುದಕ್ಕೆ ಮತ್ತೆರಡು ದಿನ. ಮ್ಯಾಲಿನ ಹಸಿ ಆರಿಹೋಗಿ ಆ ವರ್ಷ ಕಡಲೆ ಅಲ್ಲೊಂದು ಇಲ್ಲೊಂದು ಹುಟ್ಟಿತು.

ಪಟ್ಟಣದ ಗ್ಯಾರೇಜಿನಲ್ಲಿ ಕೇಳಿದರೆ "ಪೂರಾ ಬಾಕ್ಸ್ ಇಳಿಸಬೇಕ್ರಿ, ಹದಿನೈದು ಸಾವಿರ ಆಗ್ತದ" ಅಂದರು. ಅದಕ್ಕಿಂತ ಗುಜರಿಗೆ ಹಾಕುವುದೇ ವಾಸಿ ಅಂತ ಮಗನ ಮಾತು. ಅಷ್ಟರಲ್ಲಿ ಮಿಲಿಟರಿಯಲ್ಲಿ ಫಿಟ್ಟರ್ ಆಗಿದ್ದ ಪಕ್ಕದ ಊರಿನ ಹಿರಿಯರೊಬ್ಬರು ಬಂದು ಜೀಪಿನ ಕೆಳಗೆ ಮಲಗಿ ನೋಡಿ, "ಬಾಕ್ಸಿಗೆ ಏನೂ ಆಗಿಲ್ಲ ತಮ್ಮಾ, ನೀ ಗ್ರೀಸ್ ಹೊಡದು ಎಷ್ಟು ವರ್ಷ ಆತು?" ಅಂತ ಕೇಳಿದರು. ನನಗೆ ಉತ್ತರ ಬರಲಿಲ್ಲ. ಲಿವರಿಗೆ ಗ್ರೀಸ್ ಹೊಡೆಯುವ ಜಾಗ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಅವರು ಕಲಿಸಿದ್ದು, ಆಮೇಲೆ ನಾಲ್ಕಾರು ಜೀಪಿನ ಮೇಲೆ ನಾನೇ ಕೈಯಾಡಿಸಿ ಕಂಡದ್ದು ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲು ಇದು ಯಾವ ಜೀಪಿನ ಮಾತು ಅಂತ ಸ್ಪಷ್ಟ ಮಾಡುತ್ತೇನೆ. ಗೇರಿನ ಲಿವರ್ ಬಿಟ್ಟು ಪಕ್ಕದಲ್ಲಿ ಇನ್ನೂ ಎರಡು ಗಿಡ್ಡ ಲಿವರ್ ಇರುವ ಹಳೆ ಜೀಪುಗಳ ಮಾತು. ಮಹಾಯುದ್ಧದ ಕಾಲದ ವಿಲ್ಲೀಸ್ ಜೀಪಿನಲ್ಲಿ ಬಂದದ್ದೇ ಈ ಏರ್ಪಾಡು. ಮಹೀಂದ್ರದವರು 1947ರಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪು ಜೋಡಿಸಲು ಶುರು ಮಾಡಿದ ಮೇಲೆ ಅದೇ ಏರ್ಪಾಡು ನಮ್ಮ ದೇಶದ ಜೀಪುಗಳಲ್ಲಿ ಬಹಳ ವರ್ಷ ಮುಂದುವರಿಯಿತು. ಒಂದೇ ಲಿವರ್ ಇರುವವು, ಬಟನ್ ಒತ್ತುವ ಹೊಸ ಗಾಡಿಗಳ ಒಳಗಿನ ರಚನೆ ಬೇರೆ. ಅವಕ್ಕೆ ಇದು ಪೂರಾ ಹೊಂದುವುದಿಲ್ಲ.

ಎರಡು ಲಿವರಿನಲ್ಲಿ ಒಂದು ಮುಂದಿನ ಗಾಲಿಗೆ ಶಕ್ತಿ ಕೊಡುವುದು. ಇನ್ನೊಂದು ಹೈ, ನ್ಯೂಟ್ರಲ್, ಲೋ. ಲೋದಲ್ಲಿ ಜೀಪಿನ ವೇಗ ಎರಡೂವರೆ ಪಟ್ಟಿನಷ್ಟು ತಗ್ಗಿ, ಜಗ್ಗುವ ಬಲ ಅಷ್ಟೇ ಪಟ್ಟು ಏರುತ್ತದೆ. ಈ ಎರಡೂ ಲಿವರುಗಳು ಕೆಳಗೆ ಒಂದೇ ಅಡ್ಡ ಪಿನ್ನಿನ ಮೇಲೆ ಕೂತಿರುತ್ತವೆ, ಒಂದೇ ಗೂಟಕ್ಕೆ ಎರಡು ಎತ್ತು ಕಟ್ಟಿದ ಹಾಗೆ. ಲಿವರಿನ ಕೆಳತುದಿ ಟ್ರಾನ್ಸ್‌ಫರ್ ಕೇಸಿನಿಂದ ಮುಂದಕ್ಕೆ ಚಾಚಿರುವ ರಾಡಿನ ಗಾಡಿಯಲ್ಲಿ ಸಿಕ್ಕಿರುತ್ತದೆ. ಲಿವರ್ ಜಗ್ಗಿದರೆ ರಾಡು ಸರಿಯುತ್ತದೆ, ರಾಡಿಗೆ ಬಿಗಿದ ಕವೆಯಂಥ ಫೋರ್ಕು ಒಳಗಿನ ಹಲ್ಲುಗಾಲಿಯನ್ನು ಸರಿಸುತ್ತದೆ. ಇಷ್ಟೇ ಇದರ ಗುಟ್ಟು.

ಇನ್ನು ಲಿವರ್ ಹಿಡಿದುಕೊಂಡಿತು ಅಂತ ಬರುವ ಜೀಪುಗಳಲ್ಲಿ ಕೆಲವಕ್ಕೆ ರೋಗವೇ ಇರುವುದಿಲ್ಲ. ಎರಡು ರಾಡಿನ ನಡುವೆ ಒಂದು ತಡೆ ಇಟ್ಟಿರುತ್ತಾರೆ. ಮುಂದಿನ ಗಾಲಿ ಸೇರಿಸದೆ ಲೋ ಬೀಳಬಾರದು ಅಂತ. ಲೋದ ಪೂರಾ ಬಲ ಹಿಂದಿನ ಆಕ್ಸಲ್ ಒಂದರ ಮೇಲೇ ಬಿದ್ದರೆ ಅದು ಮುರಿಯುತ್ತದೆ, ಅದಕ್ಕಾಗಿ. ಹಂಗಾಗಿ ಮೊದಲು ಫೋರ್‌ವೀಲ್, ಆಮೇಲೆ ಲೋ. ತೆಗೆಯುವಾಗ ಇದರ ಉಲ್ಟಾ: ಮೊದಲು ಲೋದಿಂದ ಹೈಗೆ ತರಬೇಕು, ಆಮೇಲೆ ಫೋರ್‌ವೀಲ್ ಬಿಡಿಸಬೇಕು. ಲೋದಲ್ಲಿ ಇಟ್ಟುಕೊಂಡೇ ಫೋರ್‌ವೀಲ್ ಬಿಡಿಸಲು ಜಗ್ಗಿದರೆ ಬರುವುದಿಲ್ಲ, ಬರಬಾರದು ಕೂಡ. ಇದು ತಿಳಿಯದೆ ಲಿವರ್ ಮುರಿದುಕೊಂಡವರನ್ನು ನೋಡಿದ್ದೇನೆ. ಲೋ ಹಾಕುವಾಗ ಜೀಪು ಪೂರಾ ನಿಂತಿರಬೇಕು, ಕ್ಲಚ್ ತುಳಿದಿರಬೇಕು. ಆಗಲೂ ಬೀಳದಿದ್ದರೆ ಹಲ್ಲಿಗೆ ಹಲ್ಲು ಎದುರು ಬಂದಿರುತ್ತದೆ. ಜೀಪನ್ನು ಒಂದು ಗೇಣು ಮುಂದಕ್ಕೋ ಹಿಂದಕ್ಕೋ ಅಲುಗಿಸಿ ಮತ್ತೆ ಹಾಕಿ ನೋಡಿ.

ಇನ್ನೊಂದು, ಹೊಲದಿಂದ ಬಂದು ಡಾಂಬರು ರಸ್ತೆಯಲ್ಲೂ ಫೋರ್‌ವೀಲ್ ಹಾಗೇ ಬಿಟ್ಟು ಓಡಿಸಿದವರಿಗೆ ಬರುವ ತೊಂದರೆ. ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನ ಗಾಲಿಗಿಂತ ಹೆಚ್ಚು ದೂರ ಉರುಳುತ್ತದೆ. ರಾಡಿಯಲ್ಲಿ ಗಾಲಿ ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ. ಡಾಂಬರಿನಲ್ಲಿ ಜಾರುವುದಿಲ್ಲ. ಆ ವ್ಯತ್ಯಾಸವೆಲ್ಲ ಶಾಫ್ಟುಗಳಲ್ಲಿ ಹಗ್ಗ ಹೊಸೆದ ಹಾಗೆ ಬಿಗಿದು ಕೂರುತ್ತದೆ, ಹಲ್ಲುಗಾಲಿ ಆ ಬಿಗುವಿಗೆ ಸಿಕ್ಕು ಸರಿಯುವುದಿಲ್ಲ. ಮುಂದಿನ ಟೈರು ಹೊಸದು, ಹಿಂದಿನದು ಸವೆದದ್ದು ಇದ್ದರೆ ನೆಟ್ಟಗೆ ಓಡಿಸಿದರೂ ಹೀಗಾಗುತ್ತದೆ. ಇದಕ್ಕೆ ಪಾನಾ ಬೇಕಿಲ್ಲ. ಸ್ಟೇರಿಂಗ್ ನೆಟ್ಟಗೆ ಹಿಡಿದು ಹತ್ತಿಪ್ಪತ್ತು ಅಡಿ ರಿವರ್ಸ್ ಬನ್ನಿ, ಬರುತ್ತಲೇ ಕ್ಲಚ್ ತುಳಿದು ಲಿವರ್ ಬಿಡಿಸಿ. ಆಗಲೂ ಬರದಿದ್ದರೆ ಮುಂದಿನ ಒಂದು ಗಾಲಿಯನ್ನು ಜ್ಯಾಕಿನಿಂದ ಎತ್ತಿ. ನೆಲ ಬಿಟ್ಟ ಕೂಡಲೇ ಗಾಲಿ ತಾನೇ ಸ್ವಲ್ಪ ತಿರುಗಿ ಬಿಗುವು ಬಿಡುತ್ತದೆ. ಕೈಯನ್ನು ಗಾಲಿಯ ಹತ್ತಿರ ಇಡಬೇಡಿ.

ಈಗ ನಿಜವಾಗಿ ಹಿಡಿದುಕೊಂಡ ಲಿವರಿನ ಮಾತಿಗೆ ಬರೋಣ.

ಕೆಳಗೆ ಮಲಗುವ ಮೊದಲು ನಾಲ್ಕೂ ಗಾಲಿಗೆ ಕಲ್ಲು ಕೊಡಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಗೇರಿನಲ್ಲಿ ನಿಲ್ಲಿಸಿದ್ದೇನೆ, ಜೀಪು ಎಲ್ಲಿಗೆ ಹೋದೀತು ಅಂತ ನಾವು ತಿಳಿದಿರುತ್ತೇವೆ. ಆದರೆ ಕೆಲಸ ಮಾಡುವಾಗ ಹೈ-ಲೋ ರಾಡು ನ್ಯೂಟ್ರಲಿಗೆ ಬಂತೆಂದರೆ ಗೇರು ಹಾಕಿದ್ದರೂ ಉಪಯೋಗವಿಲ್ಲ, ಎಂಜಿನ್ನಿಗೂ ಗಾಲಿಗೂ ಸಂಬಂಧವೇ ಕಡಿದುಹೋಗುತ್ತದೆ. ಹಳೆ ಜೀಪಿನ ಹ್ಯಾಂಡ್‌ಬ್ರೇಕ್ ಗಾಲಿಯಲ್ಲಿ ಇರುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಶಾಫ್ಟಿನ ಡ್ರಮ್ಮಿನ ಮೇಲೆ ಇರುತ್ತದೆ. ಹಿಂದಿನ ಒಂದು ಗಾಲಿ ಎತ್ತಿದಿರೋ, ಆ ಬ್ರೇಕ್ ಹಾಕಿದ್ದರೂ ಜೀಪು ಉರುಳಬಹುದು. ಇಳಿಜಾರಿನಲ್ಲಿ ಈ ಕೆಲಸ ಬೇಡವೇ ಬೇಡ.

ಲಿವರಿನ ಸುತ್ತಲಿನ ರಬ್ಬರು, ಅದರ ಕೆಳಗಿನ ತಗಡು ಬಿಚ್ಚಿ. ಬಿಚ್ಚಿದ ಕೂಡಲೇ ಲಿವರ್ ಒಮ್ಮೆ ಆಡಿಸಿ ನೋಡಿ. ಬಾಕ್ಸಿನ ಕೆಳಗಿನ ರಬ್ಬರು ಸವೆದು ಬಾಕ್ಸು ತಗ್ಗಿದ್ದರೆ ಲಿವರ್ ತಗಡಿಗೆ ತಾಗಿ ಪೂರಾ ಹೋಗುವುದಿಲ್ಲ. ತಗಡು ತೆಗೆದ ಮೇಲೆ ಸರಿಯಾಗಿ ಬೀಳುತ್ತದೆ ಎಂದರೆ ರಬ್ಬರು ಬದಲಿಸಿ, ಅಷ್ಟೇ ಕೆಲಸ.

ಅದಲ್ಲವಾದರೆ ತೊಳೆಯಬೇಕು. ಎರೆಮಣ್ಣು ಹಸಿ ಇದ್ದಾಗ ಬೆಣ್ಣೆ, ಒಣಗಿದರೆ ಸಿಮೆಂಟು. ಲಿವರಿನ ಬುಡದಲ್ಲಿ ವರ್ಷಗಟ್ಟಲೆಯ ಮಣ್ಣು, ಹಳೆ ಎಣ್ಣೆ ಸೇರಿ ಗಡ್ಡೆ ಕಟ್ಟಿರುತ್ತದೆ. ಕಟ್ಟಿಗೆ ಚೂರಿನಿಂದ ಕೆರೆದು, ಡೀಸೆಲ್ ಹಚ್ಚಿದ ಬ್ರಷ್ಷಿನಿಂದ ತೊಳೆಯಿರಿ. ನೀರು ಹೊಡೆಯಬೇಡಿ. ತೊಳೆದ ಮೇಲೆ ಪಿನ್ನು ಕಾಣುತ್ತದೆ, ಗ್ರೀಸ್ ನಿಪ್ಪಲ್ ಕೂಡ ಕಾಣುತ್ತದೆ. ನಮ್ಮದರಲ್ಲಿ ನಿಪ್ಪಲ್ ಇದೆ ಎಂಬುದೇ ಅವತ್ತು ಕಂಡದ್ದು, ಅದೂ ಬಾಯಿ ಮುಚ್ಚಿಹೋಗಿತ್ತು.

ಡೀಸೆಲಿಗೆ ಸ್ವಲ್ಪ ಎಂಜಿನ್ ಎಣ್ಣೆ ಬೆರೆಸಿ ಪಿನ್ನಿನ ಎರಡೂ ತುದಿಗೆ, ಎರಡು ಲಿವರಿನ ನಡುವಿನ ಸಂದಿಗೆ ಬಿಟ್ಟು ಒಂದು ರಾತ್ರಿ ಬಿಡಿ. ಅವಸರ ಮಾಡಿದವರೇ ಸುತ್ತಿಗೆ ಹಿಡಿಯುವುದು. ಬೆಳಿಗ್ಗೆ ಲಿವರನ್ನು ಕೈಯಿಂದ ಮಾತ್ರ, ಒಂದೊಂದು ನೂಲಿನಷ್ಟು ಹಿಂದೆ ಮುಂದೆ ಆಡಿಸುತ್ತ, ಎಣ್ಣೆ ಬಿಡುತ್ತ ಹೋಗಿ. ಕೆಂಪು ತುಕ್ಕುನೀರು ಹೊರಗೆ ಬರಲು ಶುರುವಾಯಿತೆಂದರೆ ಗೆದ್ದ ಹಾಗೆ.

ಪಿನ್ನು ಜಾರದಂತೆ ಒಂದು ಸಣ್ಣ ಬೋಲ್ಟು ಹಿಡಿದಿರುತ್ತದೆ. ಅದನ್ನು ಬಿಚ್ಚದೆ ಪಿನ್ನು ಹೊಡೆದರೆ ಪಿನ್ನೂ ಕೆಡುತ್ತದೆ, ಅದನ್ನು ಹಿಡಿದ ಬೀಡಿನ ಕಿವಿಯೂ ಸೀಳುತ್ತದೆ. ಬೋಲ್ಟು ತೆಗೆದು, ಹಿತ್ತಾಳೆ ಸರಳೋ ಗಟ್ಟಿ ಕಟ್ಟಿಗೆಯೋ ಇಟ್ಟು ಮೆಲ್ಲಗೆ ತಟ್ಟಿ ಪಿನ್ನನ್ನು ಪಕ್ಕಕ್ಕೆ ಹೊರತೆಗೆಯಿರಿ. ನಡುವೆ ವಾಷರು, ಸ್ಪ್ರಿಂಗು ಇದ್ದರೆ ಯಾವುದು ಎಲ್ಲಿತ್ತು ಅಂತ ಸಾಲಾಗಿ ಬಟ್ಟೆಯ ಮೇಲೆ ಇಡಿ.

ಲಿವರ್ ಕೈಗೆ ಬಂದ ಮೇಲೆ ಒಂದು ಪರೀಕ್ಷೆ ಮಾಡಬೇಕು, ಇದೇ ಮುಖ್ಯ. ರಾಡಿನ ಗಾಡಿಯಲ್ಲಿ ದಪ್ಪ ಸ್ಕ್ರೂಡ್ರೈವರ್ ಇಟ್ಟು ರಾಡನ್ನೇ ಮುಂದೆ ಹಿಂದೆ ಸರಿಸಿ ನೋಡಿ. ಟಕ್ ಅಂತ ಸರಿದು ಟಕ್ ಅಂತ ಕೂತರೆ ಬಾಕ್ಸಿನೊಳಗೆ ದೋಷವಿಲ್ಲ, ದೋಷ ಪಿನ್ನಿನದೇ. ನನ್ನ ಕೈಗೆ ಬಂದವುಗಳಲ್ಲಿ ಹೆಚ್ಚಿನವು ಇದೇ ರೋಗದವು. ಹದಿನೈದು ಸಾವಿರ ಕೊಡುವ ಮೊದಲು ಈ ಒಂದು ಪರೀಕ್ಷೆ ಮಾಡಿಸಿ ಅಂತ ನನ್ನ ವಿನಂತಿ. ಇಲ್ಲಿಯೂ ಆ ಎರಡು ರಾಡಿನ ನಡುವಿನ ತಡೆ ಇದೆ ಎಂಬುದು ನೆನಪಿರಲಿ: ಫೋರ್‌ವೀಲ್ ರಾಡನ್ನು ಸೇರಿಸಿದ ಮೇಲೆಯೇ ಇನ್ನೊಂದನ್ನು ಲೋಗೆ ಸರಿಸಿ ನೋಡಬೇಕು.

ಪಿನ್ನನ್ನು ನೀರುಕಾಗದದಿಂದ ತಿಕ್ಕಿ ನುಣುಪು ಮಾಡಿ. ಲಿವರಿನ ತೂತಿನೊಳಗೂ ಅದನ್ನೇ ಕಡ್ಡಿಗೆ ಸುತ್ತಿ ತಿಕ್ಕಿ. ಪಿನ್ನಿನೊಳಗಿನ ಗ್ರೀಸ್ ದಾರಿಯನ್ನು ತಂತಿ ಹಾಕಿ ಬಿಡಿಸಿ, ಹೊಸ ನಿಪ್ಪಲ್ ಹಾಕಿ. ಬಾಗಿದ ನಮ್ಮ ಲಿವರನ್ನು ಊರಿನ ಕಮ್ಮಾರರು ಕುಲುಮೆಯಲ್ಲಿ ಕಾಯಿಸಿ ನೆಟ್ಟಗೆ ಮಾಡಿಕೊಟ್ಟರು. ಬಿಚ್ಚಿದ ಕ್ರಮದಲ್ಲೇ ಜೋಡಿಸಿ, ಬೋಲ್ಟು ಬಿಗಿದು, ಸಂದಿಯಿಂದ ಹೊಸ ಗ್ರೀಸ್ ಹೊರಬರುವ ತನಕ ಹೊಡೆಯಿರಿ.

ರಾಡೇ ಸರಿಯದಿದ್ದರೆ? ಹೊರಗೆ ಕಾಣುವ ರಾಡಿನ ತುದಿಗೆ ತುಕ್ಕು ಹಿಡಿದಿದೆಯೇ ನೋಡಿ. ಅದನ್ನು ಬಹಳ ನಯವಾದ ನೀರುಕಾಗದದಿಂದಲೇ ತೆಗೆಯಬೇಕು, ಗೀರು ಬಿದ್ದರೆ ಎಣ್ಣೆ ಸೀಲು ಹರಿದು ಸೋರುತ್ತದೆ. ಆಮೇಲೆ ಮುಂದಿನ ಮುಚ್ಚಳದ ಎರಡು ಬದಿಗೆ ಎರಡು ಪ್ಲಗ್ ಇವೆ, ಅವುಗಳೊಳಗೆ ಒಂದೊಂದು ಸ್ಪ್ರಿಂಗು, ಒಂದೊಂದು ಗುಂಡು. ರಾಡಿನ ಕಚ್ಚಿನಲ್ಲಿ ಗುಂಡು ಕೂತೇ ಗೇರು ಜಾರದೆ ನಿಲ್ಲುವುದು. ನೀರು ಹೊಕ್ಕು ಗುಂಡು ತುಕ್ಕು ಹಿಡಿದರೆ ರಾಡು ಅಲುಗುವುದಿಲ್ಲ. ಪ್ಲಗ್ ಮೇಲೆ ಬಟ್ಟೆ ಮುಚ್ಚಿ ಬಿಚ್ಚಿ, ಇಲ್ಲವಾದರೆ ಗುಂಡು ಹುಲ್ಲಿನಲ್ಲಿ ಹಾರಿ ಸಂಜೆವರೆಗೆ ಹುಡುಕಬೇಕಾಗುತ್ತದೆ (ನಾನು ಹುಡುಕಿದ್ದೇನೆ). ತೊಳೆದು, ಬೇಕಾದರೆ ಸ್ಪ್ರಿಂಗು ಬದಲಿಸಿ ಹಾಕಿ. ರಾಡನ್ನು ಮಾತ್ರ ಪೂರಾ ಹೊರಗೆ ಎಳೆಯಬೇಡಿ. ಎಳೆದರೆ ನಡುವಿನ ತಡೆಯ ತುಣುಕು ಜಾಗ ಬಿಟ್ಟು ಬೀಳುತ್ತದೆ, ಆಗ ನಿಜವಾಗಿಯೂ ಬಾಕ್ಸು ಇಳಿಸಬೇಕಾಗುತ್ತದೆ.

ಇಷ್ಟಾದರೂ ಆಗದಿದ್ದರೆ ಫೋರ್ಕು ಬಾಗಿರಬಹುದು, ಇಲ್ಲವೇ ಫೋರ್ಕನ್ನು ರಾಡಿಗೆ ಬಿಗಿದ ಸ್ಕ್ರೂ ಸಡಿಲವಾಗಿರಬಹುದು. ರಾಡು ಸರಿಯುತ್ತದೆ, ಗೇರು ಬದಲಾಗುವುದಿಲ್ಲ ಎಂದರೆ ಅನುಮಾನ ಈ ಸ್ಕ್ರೂ ಮೇಲೆ. ಆ ಕೆಲಸಕ್ಕೆ ಬಲ್ಲ ಮಿಸ್ತ್ರಿಯೇ ಬೇಕು. ನಾನು ಕೈ ಹಾಕುವುದಿಲ್ಲ.

ಕೆಳಗೆ ಇರುವಾಗಲೇ ಎಣ್ಣೆಯನ್ನೂ ನೋಡಿಬಿಡಿ. ಪಕ್ಕದ ತುಂಬುವ ಪ್ಲಗ್ ಬಿಚ್ಚಿ ಬೆರಳು ಹಾಕಿದರೆ ತೂತಿನ ಅಂಚಿನ ಮಟ್ಟಕ್ಕೆ ಎಣ್ಣೆ ಸಿಗಬೇಕು. ಹಾಲು ಬೆರೆಸಿದ ಚಹಾದ ಬಣ್ಣ ಇದ್ದರೆ ಹಳ್ಳದ ನೀರು ಒಳಗೆ ಹೋಗಿದೆ, ಪೂರಾ ಇಳಿಸಿ 90 ನಂಬರಿನ ಗೇರ್ ಎಣ್ಣೆ ಹಾಕಬೇಕು. ಮುಖ್ಯ ಗೇರ್‌ಬಾಕ್ಸಿನ ಎಣ್ಣೆಯನ್ನೂ ಅದೇ ಹೊತ್ತಿಗೆ ಬದಲಿಸಿ, ಒಂದರ ಹೊಲಸು ಇನ್ನೊಂದಕ್ಕೆ ಹೋಗುತ್ತದೆ.

ನಮಗೆ ಆದ ಖರ್ಚಿನಲ್ಲಿ ಹೆಚ್ಚಿನ ಪಾಲು ಈ ಎಣ್ಣೆಯದೇ. ನಿಪ್ಪಲ್, ನೀರುಕಾಗದ, ಗ್ರೀಸು, ಕಮ್ಮಾರರಿಗೆ ಕೊಟ್ಟದ್ದು ಸೇರಿ ಮುನ್ನೂರು ರೂಪಾಯಿ ದಾಟಲಿಲ್ಲ. ಈಗ ಅಮವಾಸ್ಯೆಗೊಮ್ಮೆ, ಎತ್ತುಗಳಿಗೆ ಬಿಡುವು ಕೊಡುವ ದಿನ, ಆ ನಿಪ್ಪಲಿಗೆ ನಾಲ್ಕು ಸಲ ಗ್ರೀಸ್ ಗನ್ ಒತ್ತುತ್ತೇನೆ. ಬೇಸಿಗೆಯಲ್ಲೂ ಹದಿನೈದು ದಿನಕ್ಕೊಮ್ಮೆ ಉಳುಮೆ ಮಾಡಿದ ಮೆತ್ತನ್ನ ಹೊಲದಲ್ಲಿ ಫೋರ್‌ವೀಲ್, ಲೋ ಎರಡನ್ನೂ ಹಾಕಿ ಹತ್ತು ಮಾರು ಓಡಿಸಿ ಬಿಡಿಸುತ್ತೇನೆ. ಹಳ್ಳದ ನೀರು ಹಾಯ್ದ ದಿನ ಗ್ರೀಸನ್ನು ಮರುದಿನಕ್ಕೆ ಬಿಡುವುದಿಲ್ಲ. ಪೈಪನ್ನು ಮಗನೇ ಜೀಪಿನಿಂದ ತೆಗೆದು ಪಂಪ್‌ಸೆಟ್ಟಿನ ಮನೆಯಲ್ಲಿ ಇಟ್ಟಿದ್ದಾನೆ.