ರಾಮನ್ ಬಿಟ್ಟುಹೋದ ರತ್ನಗಳ ಓದು

ಬೆಂಗಳೂರಿನ ಮೇಖ್ರಿ ಸರ್ಕಲ್‌ನಿಂದ ಯಶವಂತಪುರದ ಕಡೆ ಹೋಗುವ ಸಿ.ವಿ. ರಾಮನ್ ರಸ್ತೆಯಲ್ಲಿ ದಿನವೂ ಓಡಾಡುವವರಲ್ಲಿ ಎಷ್ಟೋ ಜನಕ್ಕೆ ಅಲ್ಲೊಂದು ರತ್ನಗಳ ಸಾಹಿತ್ಯ ಭಂಡಾರ ಇರುವುದು ತಿಳಿದಿಲ್ಲ. ಭೌತವಿಜ್ಞಾನಿ ರಾಮನ್ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ, 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆ ಎರಡೂ ಇಲ್ಲಿವೆ. ಆಗ ಸಂಸ್ಥೆಯ ವಿಳಾಸ ಹೆಬ್ಬಾಳ ಎಂದೇ ಅಚ್ಚಾಗುತ್ತಿತ್ತು.

ರಾಮನ್‌ಗೆ ಹರಳುಗಳೆಂದರೆ ಪ್ರಾಣ. ಅವರು ಕೂಡಿಟ್ಟ ವಜ್ರ, ಖನಿಜಗಳು ಸಂಸ್ಥೆಯ ಸಂಗ್ರಹಾಲಯದಲ್ಲಿವೆ. ನೋಡಲು ಸಪ್ಪೆಯಾದ ಕೆಲವು ಕಲ್ಲುಗಳು ಕತ್ತಲಲ್ಲಿ ನೇರಳಾತೀತ ಬೆಳಕು ಬಿದ್ದೊಡನೆ ಬಣ್ಣಬಣ್ಣವಾಗಿ ಬೆಳಗುತ್ತವೆ. ಆದರೆ ನನಗೆ ಕಲ್ಲುಗಳಿಗಿಂತ ದೊಡ್ಡದಾಗಿ ಕಾಣುವುದು ಅವುಗಳ ಬಗ್ಗೆ ಅವರು ಬರೆದದ್ದು. ಶ್ರೀಲಂಕಾದ ಚಂದ್ರಕಾಂತ ಶಿಲೆಯ ನೀಲಿ ಹೊಳಪು, ಲ್ಯಾಬ್ರಡೊರೈಟ್‌ನ ನವಿಲುಬಣ್ಣ, ಅಗೇಟ್, ಓಪಲ್, ಎಲ್ಲದಕ್ಕೂ ಕಾರಣ ಹುಡುಕಿದರು. ಎಸ್. ರಾಮಶೇಷನ್ ಸಂಪಾದಿಸಿ ಅಕಾಡೆಮಿ 1988ರಲ್ಲಿ ತಂದ ರಾಮನ್ ಪ್ರಬಂಧಗಳ ಆರು ಸಂಪುಟಗಳಲ್ಲಿ ನಾಲ್ಕನೆಯದು ಪೂರ್ತಿ ಖನಿಜ ಮತ್ತು ವಜ್ರಗಳಿಗೇ ಮೀಸಲು.

ಓಪಲ್‌ನದೇ ಕಥೆ ತೆಗೆದುಕೊಳ್ಳಿ. 1953ರಲ್ಲಿ ರಾಮನ್ ಮತ್ತು ಎ. ಜಯರಾಮನ್, ಕಲ್ಲೊಳಗಿನ ತೆಳು ಪದರಗಳಿಂದ ಓಪಲ್‌ನ ಬಣ್ಣ ಬರುತ್ತದೆ ಎಂದು ವಾದಿಸಿದರು. 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು, ಸಾಲುಸಾಲಾಗಿ ಜೋಡಿಸಿಟ್ಟಂತಿದ್ದ ಸಿಲಿಕಾದ ಅತಿ ಸಣ್ಣ ಗುಂಡುಗಳು. ಅಷ್ಟಕ್ಕೇ ರಾಮನ್ ಪ್ರಬಂಧ ರದ್ದಿಯಾಗಲಿಲ್ಲ. ಕಲ್ಲನ್ನು ಎಷ್ಟು ಸಾವಧಾನದಿಂದ ನೋಡಬೇಕು ಎಂಬುದನ್ನು ಅದು ಇಂದಿಗೂ ಕಲಿಸುತ್ತದೆ. ಯಾವುದೇ ಗ್ರಂಥಾಲಯ ಎರಡೂ ವಾದಗಳನ್ನು ಕಾದಿಡಬೇಕಾದದ್ದು ಇದಕ್ಕೇ.

ಹೊಳಪಿನ ಕಾರಣಕ್ಕಿಂತ, ದೇಶದ ಯಾವ ರತ್ನದ ನಿಕ್ಷೇಪ ಎಲ್ಲಿದೆ ಎಂದು ತಿಳಿಯಬೇಕಾದವರಿಗೆ ಇಂಡಿಯನ್ ಬ್ಯೂರೊ ಆಫ್ ಮೈನ್ಸ್‌ನ ವಾರ್ಷಿಕ ಗ್ರಂಥ ಇದೆ. ಬ್ಯೂರೊದ ಒಂದು ಕಚೇರಿ ಇಲ್ಲೇ ಯಶವಂತಪುರದ ಆಚೆ, ಗೊರಗುಂಟೆಪಾಳ್ಯದಲ್ಲಿದೆ.

ಅಕಾಡೆಮಿ 1934ರಿಂದ ಅಚ್ಚುಹಾಕಿದ ಸಂಶೋಧನಾ ಪತ್ರಿಕೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ. ಹೆಬ್ಬಾಳದ ವಿದ್ಯಾರ್ಥಿಯೂ ನಗರ್ತಪೇಟೆಯ ಹರಳು ವ್ಯಾಪಾರಿಯೂ ಮೊಬೈಲಿನಲ್ಲೇ ಓದಬಹುದು. ಇಂಗ್ಲಿಷ್ ಬಂದರೆ ಮಾತ್ರ, ಅದೇ ಕೊರಗು. ಯಾವ ಗ್ರಹಕ್ಕೆ ಯಾವ ಹರಳು ಎಂದು ಹೇಳುವ ಪುಸ್ತಕಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಹರಳು ಯಾಕೆ ಹೊಳೆಯುತ್ತದೆ ಎಂದು ಹೇಳುವವು ತೀರ ಕಡಿಮೆ. ನಾಲ್ಕನೇ ಸಂಪುಟದ ಐದಾರು ಪ್ರಬಂಧಗಳಾದರೂ ಕನ್ನಡಕ್ಕೆ ಬರಲಿ. ಭೌತಶಾಸ್ತ್ರದ ಮೇಷ್ಟರೊಬ್ಬರು, ಹರಳಿನ ಕೆಲಸ ಬಲ್ಲವರೊಬ್ಬರು ಜೊತೆಗೆ ಕೂತರೆ ಆಗುವ ಕೆಲಸ ಇದು.