ಮೀಟರಿನ ಬುಡದಲ್ಲಿ ಪ್ಲಾಸ್ಟಿಕ್ ಪೈಪು ಜೋಡಿಸುವುದು

ಕಡಲ ಬದಿಯ ಎರ್ಮಾಳಿನಲ್ಲಿ ಜಿ.ಐ. ಪೈಪಿಗೆ ಆಯುಸ್ಸು ಕಡಿಮೆ. ಉಪ್ಪು ಗಾಳಿ ಹೊರಗಿನಿಂದ ತಿಂದರೆ ನೀರು ಒಳಗಿನಿಂದ ತಿನ್ನುತ್ತದೆ. ಹಾಗಾಗಿ ಕಬ್ಬಿಣ ತೆಗೆದು ಪ್ಲಾಸ್ಟಿಕ್ ಹಾಕುವವರೇ ಹೆಚ್ಚು. ನಮ್ಮ ಮನೆಯಲ್ಲೂ ಹಾಕಿದ್ದಾಯಿತು. ಪೈಪು ಎಳೆಯುವುದು ದೊಡ್ಡ ಕೆಲಸವಲ್ಲ. ತಕರಾರು ಇರುವುದು ಮೀಟರಿನ ಬುಡದಲ್ಲಿ, ಲೋಹ ಮತ್ತು ಪ್ಲಾಸ್ಟಿಕ್ ಸೇರುವ ಎರಡಿಂಚು ಜಾಗದಲ್ಲಿ.

ಒಂದು ಲೋಟದ ಲೆಕ್ಕ

ಮೀಟರು ದಾಟಿದ ನೀರೆಲ್ಲ ನಮ್ಮ ಲೆಕ್ಕಕ್ಕೆ, ಕುಡಿದರೂ ಸೋರಿದರೂ. ನಿಮಿಷಕ್ಕೆ ಒಂದು ಸಣ್ಣ ಲೋಟ, ಅಂದರೆ 200 ಮಿ.ಲೀ. ಸೋರಿತು ಅಂತ ಇಟ್ಟುಕೊಳ್ಳಿ. ಗಂಟೆಗೆ 12 ಲೀಟರ್, ದಿನಕ್ಕೆ 288 ಲೀಟರ್. 24 ಗಂಟೆಯೂ ಲೈನಿನಲ್ಲಿ ನೀರಿದ್ದರೆ ತಿಂಗಳಿಗೆ 8,640 ಲೀಟರ್. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ ಹಾಕಿದೆ. ಐದು ಜನರ ಮನೆಗೆ 275 ಲೀಟರ್ ಆಯಿತು. ಒಂದು ಸಡಿಲ ಜಾಯಿಂಟು ಇಡೀ ಸಂಸಾರದಷ್ಟು ನೀರು ಕುಡಿಯುತ್ತದೆ! ನಮ್ಮದು ಬೆಟ್ಟು ಗದ್ದೆ, ಮಳೆ ನಂಬಿದ ಬೇಸಾಯ. ನಮ್ಮಂಥವರಿಗೆ ಕೊಡ ನೀರಿನ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಸಾಮಾನು ತರುವಾಗ

ಬಿಳಿ ಯುಪಿವಿಸಿ ತಣ್ಣೀರಿಗೆ. ತಿಳಿ ಹಳದಿಯ ಸಿಪಿವಿಸಿ ಬಿಸಿನೀರಿಗೂ ಆಗುತ್ತದೆ. ಎರಡನ್ನೂ ಬೆರೆಸಬೇಡಿ. ಅರ್ಧ ಇಂಚಿನ ಯುಪಿವಿಸಿಯ ಹೊರ ಅಳತೆ ಸುಮಾರು 21.3 ಮಿ.ಮೀ., ಮುಕ್ಕಾಲು ಇಂಚಿನ ಸಿಪಿವಿಸಿಯದು 22.2. ಒಂದರ ಪೈಪು ಇನ್ನೊಂದರ ಫಿಟ್ಟಿಂಗಿಗೆ ಕೂತ ಹಾಗೆ ಕಾಣಬಹುದು, ಆದರೆ ನಿಲ್ಲುವುದಿಲ್ಲ. ಗಮ್ಮು ಕೂಡ ಎರಡಕ್ಕೂ ಬೇರೆ ಬೇರೆ.

ಮೀಟರಿನ ಎರಡೂ ಕಡೆ ತಿರುಗುವ ನಟ್ಟು, ಅದರೊಳಗೆ ಹೊರ ಥ್ರೆಡ್ಡಿನ ಹಿತ್ತಾಳೆ ನಿಪ್ಪಲ್ಲು ಇರುತ್ತದೆ. ಆ ನಿಪ್ಪಲ್ಲಿಗೆ ಒಳಗೆ ಹಿತ್ತಾಳೆ ಥ್ರೆಡ್ಡಿರುವ ಎಫ್.ಟಿ.ಎ. ಕೇಳಿ ತನ್ನಿ. ಬರೀ ಪ್ಲಾಸ್ಟಿಕ್ಕಿನದು ಅಗ್ಗ. ಆದರೆ ಲೋಹದ ನಿಪ್ಪಲ್ಲು ಅದರೊಳಗೆ ಬೆಣೆಯ ಹಾಗೆ ಹೋಗುತ್ತದೆ. ಇವತ್ತು ಬಿಗಿ ಕೂತದ್ದು ಕೆಲವು ದಿನ ಕಳೆದು ಸೀಳಬಹುದು. ಜೊತೆಗೆ ಒಂದು ಬಾಲ್ ವಾಲ್ವ್, ಟೆಫ್ಲಾನ್ ಟೇಪು, ಹೊಸ ವಾಷರು ಇರಲಿ.

ಜೋಡಿಸುವ ಕ್ರಮ

ಮೀಟರಿಗೆ ಸೀಲು ಇದ್ದರೆ ಪಂಚಾಯತಿಗೆ ತಿಳಿಸದೆ ಕೈ ಹಾಕಬಾರದು. ಮೀಟರಿಗೆ ಮೊದಲಿನ ಪೈಪನ್ನೂ ಮುಟ್ಟಬಾರದು. ನಮ್ಮ ಕೆಲಸ ಮೀಟರಿನಿಂದ ಮನೆಯ ಕಡೆಗೆ ಮಾತ್ರ.

ಪೈಪನ್ನು ನೇರ ಕತ್ತರಿಸಿ, ಗರಗಸದ ಹುಡಿ ಒರೆಸಿ. ಗಮ್ಮಿನ ಜಾಯಿಂಟುಗಳನ್ನೆಲ್ಲ ಮೀಟರಿನಿಂದ ದೂರ, ನೆಲದಲ್ಲೇ ಮಾಡಿಕೊಳ್ಳಿ. ಗಮ್ಮು ಹಚ್ಚಿ, ಒತ್ತಿ, ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಹಿಡಿಯಬೇಕು. ಒದ್ದೆ ಪೈಪಿಗೆ ಗಮ್ಮು ಹಿಡಿಯದು. ನೀರು ಬಿಡಲು ಒಂದು ದಿನ ಕಾದರೆ ಒಳ್ಳೆಯದು.

ಟೆಫ್ಲಾನನ್ನು ಬಿಗಿಸುವ ದಿಕ್ಕಿಗೇ ನಿಪ್ಪಲ್ಲಿಗೆ ಸುತ್ತಿ. ನಟ್ಟಿಗೆ ಟೇಪು ಬೇಡ, ಅಲ್ಲಿ ನೀರು ತಡೆಯುವುದು ವಾಷರು. ಎಫ್.ಟಿ.ಎ. ಕೈಯಲ್ಲಿ ಬಿಗಿಯಾದ ಮೇಲೆ ಸ್ಪಾನರಿನಲ್ಲಿ ಒಂದು ಸುತ್ತು ಸಾಕು. ಇನ್ನೊಂದು ಸ್ಪಾನರಿನಲ್ಲಿ ಎದುರಿನ ಭಾಗ ಹಿಡಿದುಕೊಂಡರೆ ಮೀಟರು ತಿರುಚುವುದಿಲ್ಲ. ಪೈಪನ್ನು ಬಗ್ಗಿಸಿ ಎಳೆದು ಮೀಟರಿಗೆ ಸೇರಿಸಬೇಡಿ. ಪೈಪಿನ ಭಾರ ಗೋಡೆಯ ಕ್ಲಾಂಪಿನ ಮೇಲಿರಲಿ. ಮೀಟರಿನ ಮೈಮೇಲಿನ ಬಾಣದ ಗುರುತು ಮನೆಯ ಕಡೆ ಇದೆಯಾ ನೋಡಿ. ಬಿಸಿಲು ಬೀಳುವ ಪೈಪನ್ನು ಹೂತು ಬಿಡಿ, ಇಲ್ಲವೇ ಪೇಂಟು ಬಳಿಯಿರಿ.

ಎರಡು ಅಪಾಯ

ಮೊದಲನೆಯದು ಕರೆಂಟಿನದು. ಹಳೆ ಮನೆಗಳಲ್ಲಿ ಅರ್ಥಿಂಗ್ ವಯರನ್ನು ನೀರಿನ ಜಿ.ಐ. ಪೈಪಿಗೆ ಕಟ್ಟಿದ್ದುಂಟು. ನಡುವೆ ಒಂದು ಗೇಣು ಪ್ಲಾಸ್ಟಿಕ್ ಬಂದರೂ ಆ ಅರ್ಥಿಂಗ್ ಸತ್ತ ಹಾಗೆ. ಮತ್ತೆ ಪಂಪೋ ಮಿಕ್ಸಿಯೋ ಶಾಕು ಹೊಡೆದರೆ ಜೀವಕ್ಕೇ ಬಂತು. ಪೈಪು ಬಿಚ್ಚುವ ಮೊದಲೇ ವಯರಿನವರನ್ನು ಕರೆಸಿ ಬೇರೆ ಅರ್ಥಿಂಗ್ ಗುಂಡಿ ಮಾಡಿಸಿ.

ಎರಡನೆಯದು ಬಾವಿಯ ಪಂಪು. ಬೇಸಗೆಯಲ್ಲಿ ಕಡಲ ಬದಿಯ ಬಾವಿ ನೀರಿಗೆ ಉಪ್ಪು ರುಚಿ ಬರುವುದುಂಟು. ಬಾವಿ ಲೈನು, ನಳ್ಳಿ ಲೈನು ಎರಡನ್ನೂ ಒಂದು ಟೀ ಹಾಕಿ ಸೇರಿಸಿದರೆ, ಮೇನ್ ಲೈನಿನಲ್ಲಿ ನೀರಿಲ್ಲದ ಹೊತ್ತು ಬಾವಿ ನೀರು ಹಿಂದಕ್ಕೆ ಹೋಗಿ ಊರವರ ಕುಡಿಯುವ ನೀರಿಗೆ ಸೇರಬಹುದು. ನಡುವಿನ ವಾಲ್ವನ್ನು ನಂಬುವ ಹಾಗಿಲ್ಲ. ಎರಡೂ ಲೈನು ಬೇರೆ ಬೇರೆಯಾಗಿಯೇ ಟಾಂಕಿಯ ಬಾಯಿಗೆ, ನೀರಿನ ಮಟ್ಟಕ್ಕಿಂತ ಮೇಲಿನಿಂದ ಬೀಳಲಿ. ಮೀಟರಿನ ಲೈನಿಗೆ ನೇರ ಪಂಪು ಹಾಕಿ ಎಳೆಯುವುದೂ ಕೂಡದು. ಎಲ್ಲಾದರೂ ಮೇನ್ ಪೈಪು ಒಡೆದಿದ್ದರೆ ಚರಂಡಿ ನೀರು ಒಳಗೆ ಬರುತ್ತದೆ.

ಪರೀಕ್ಷೆ

ವಾಲ್ವನ್ನು ಮೆಲ್ಲ ತೆರೆಯಿರಿ. ಮೊದಲು ಗಾಳಿ ಬರುತ್ತದೆ, ಮೀಟರು ಗಾಳಿಗೂ ಓಡುತ್ತದೆ. ದೂರದ ನಳ್ಳಿಯಲ್ಲಿ ಸ್ವಲ್ಪ ನೀರು ಬಿಟ್ಟು ಹುಡಿಯೆಲ್ಲ ಹೋಗಲಿ. ಆಮೇಲೆ ಎಲ್ಲಾ ನಳ್ಳಿ ಮುಚ್ಚಿ, ಮೀಟರಿನ ಗಾಜಿನೊಳಗಿನ ಸಣ್ಣ ಚಕ್ರವನ್ನು ಹತ್ತು ನಿಮಿಷ ನೋಡಿ. ಟಾಂಕಿಗೆ ಹೋಗುವ ವಾಲ್ವೂ ಮುಚ್ಚಿರಬೇಕು. ಚಕ್ರ ಕದಲದಿದ್ದರೆ ಕೆಲಸ ಸರಿಯಾಗಿದೆ. ತಿರುಗುತ್ತಿದ್ದರೆ ಮನೆಯ ಕಡೆ ಎಲ್ಲೋ ಸೋರುತ್ತಿದೆ. ಮೀಟರು ಮತ್ತು ಮೀಟರಿಗೆ ಮೊದಲಿನ ಜಾಯಿಂಟನ್ನು ಒಣ ಕಾಗದದಲ್ಲಿ ಒರೆಸಿ ನೋಡಿ. ಅಲ್ಲಿಯ ಸೋರಿಕೆ ಚಕ್ರದಲ್ಲಿ ಕಾಣುವುದಿಲ್ಲ.

ಈ ಹತ್ತು ನಿಮಿಷದ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮಾಡಿ. ಬಿಲ್ಲು ಬಂದ ದಿನವೇ ಆದರೆ ಮರೆಯುವುದಿಲ್ಲ.