ಅರಿಶಿನ-ಕುಂಕುಮದ ಬಾವುಟ: ರಾಜ್ಯದ್ದೋ, ನುಡಿಯದ್ದೋ?

ನವೆಂಬರ್ 1 ಸಮೀಪಿಸಿದಾಗ ವಿದ್ಯಾರ್ಥಿಗಳಲ್ಲಿ ಸಹಜವಾಗಿ ಏಳುವ ಪ್ರಶ್ನೆಯೊಂದಿದೆ: ‘ಮುಚ್ಚಂಡಿ ಮಹಾರಾಷ್ಟ್ರದಲ್ಲಿದೆ, ಕರ್ನಾಟಕದ ಬಾವುಟ ನಮ್ಮದು ಹೇಗಾದೀತು?’ ಉತ್ತರವು ಆ ಬಾವುಟದ ಹುಟ್ಟಿನಲ್ಲಿಯೇ ಅಡಗಿದೆ.

ಮೇಲೆ ಹಳದಿ, ಕೆಳಗೆ ಕೆಂಪು ಬಣ್ಣವಿರುವ ಈ ಬಾವುಟವನ್ನು ರೂಪಿಸಿದವರು ಮ. ರಾಮಮೂರ್ತಿ. ‘ವೀರಕೇಸರಿ’ ಸೀತಾರಾಮ ಶಾಸ್ತ್ರಿಗಳ ಪುತ್ರರಾದ ಇವರು ಪತ್ರಕರ್ತರೂ ಪತ್ತೇದಾರಿ ಕಾದಂಬರಿಕಾರರೂ ಆಗಿದ್ದರು. 1960ರ ದಶಕದಲ್ಲಿ ಬೆಂಗಳೂರಿನಲ್ಲಿ ಕನ್ನಡಕ್ಕೆ ತಕ್ಕ ಸ್ಥಾನ ದೊರೆಯಬೇಕೆಂದು ನಡೆದ ಚಳವಳಿಯ ಗುರುತಾಗಿ ಇದು ಮೂಡಿತು. ಅವರು ತೀರಿಕೊಂಡದ್ದು 1967ರಲ್ಲಿ. ಮೈಸೂರು ರಾಜ್ಯವು ‘ಕರ್ನಾಟಕ’ವೆಂಬ ಹೆಸರು ಪಡೆದದ್ದು 1973ರಲ್ಲಿ. ಅಂದರೆ ಬಾವುಟವು ರಾಜ್ಯದ ಇಂದಿನ ಹೆಸರಿಗಿಂತಲೂ ಹಳೆಯದು. ಅದನ್ನು ಎತ್ತಿ ಹಿಡಿದದ್ದು ಸರಕಾರವಲ್ಲ, ಜನ.

ಸರಕಾರದ ಪ್ರಯತ್ನ ಬಂದದ್ದು ಬಹಳ ತಡವಾಗಿ. 2017ರಲ್ಲಿ ಕರ್ನಾಟಕ ಸರಕಾರವು ಒಂಬತ್ತು ಸದಸ್ಯರ ಸಮಿತಿಯನ್ನು ನೇಮಿಸಿತು. 2018ರ ಮಾರ್ಚ್ 8ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೊಸ ನಾಡಧ್ವಜದ ಮಾದರಿಯನ್ನು ಅನಾವರಣಗೊಳಿಸಿದರು: ಹಳದಿ ಮತ್ತು ಕೆಂಪಿನ ನಡುವೆ ಬಿಳಿಯ ಪಟ್ಟಿ, ಅದರ ಮೇಲೆ ಗಂಡಭೇರುಂಡವುಳ್ಳ ರಾಜ್ಯಲಾಂಛನ. ಅದಕ್ಕೆ ಕೇಂದ್ರದ ಅನುಮೋದನೆ ದೊರೆಯಲಿಲ್ಲ. ಪ್ರತ್ಯೇಕ ಧ್ವಜಕ್ಕೆ ಅಧಿಕೃತ ಮಾನ್ಯತೆಯಿದ್ದ ಜಮ್ಮು-ಕಾಶ್ಮೀರವೂ 2019ರಲ್ಲಿ ಅದನ್ನು ಕಳೆದುಕೊಂಡಿತು.

ಈ ಎರಡು ವಿನ್ಯಾಸಗಳ ಅಂತರವು ಗಡಿಯಾಚೆಯ ನಮಗೆ ಮುಖ್ಯವಾದುದು. ಲಾಂಛನವು ಆಡಳಿತದ ಮುದ್ರೆ. ಅದರ ಅಧಿಕಾರ ಗಡಿಯ ಕಲ್ಲಿನ ಬಳಿ ನಿಲ್ಲುತ್ತದೆ. ಮುದ್ರೆಯಿಲ್ಲದ ಎರಡು ಬಣ್ಣಗಳಿಗೆ ಅಂತಹ ಎಲ್ಲೆಯಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಆಡುವ ಜತ್ತ ತಾಲೂಕಿನವನೂ ಅವುಗಳನ್ನು ತನ್ನವೆನ್ನಬಹುದು. ಹಾಗೆನ್ನುವುದರಿಂದ ತಾನಿರುವ ರಾಜ್ಯಕ್ಕೆ ಎರವಾಗುವುದಿಲ್ಲ.

ಹಳದಿಯನ್ನು ಶಾಂತಿಗೂ ಕೆಂಪನ್ನು ಧೈರ್ಯಕ್ಕೂ ಹೋಲಿಸುವುದುಂಟು. ಜನರ ನಾಲಿಗೆಯಲ್ಲಿ ಮಾತ್ರ ಅವು ಅರಿಶಿನ-ಕುಂಕುಮ. ನಮ್ಮ ಮರಾಠಿ ನೆರೆಯವರಿಗೆ ಅದೇ ‘ಹಳದಿ-ಕುಂಕು’. ಅರಿಶಿನದ ಪೇಟೆಗೆ ದೇಶದಲ್ಲೆಲ್ಲ ಹೆಸರಾದ ಸಾಂಗಲಿ ಜಿಲ್ಲೆಯಲ್ಲಿ ಈ ಬಣ್ಣಗಳನ್ನು ಯಾರಿಗೂ ಅರ್ಥೈಸಿ ಹೇಳಬೇಕಿಲ್ಲ. ಎರಡೂ ಭಾಷೆಗಳ ಶಾಲೆಯಲ್ಲಿ ಕಲಿತ ನನಗೆ ಅವು ಎಂದೂ ಪರಕೀಯವೆನಿಸಿಲ್ಲ.

ಆದರೆ ಬಾವುಟ ವರ್ಷಕ್ಕೊಂದು ದಿನ ಏರುತ್ತದೆ. ನುಡಿ ದಿನವೂ ಬಾಯಲ್ಲಿರಬೇಕು. ತರಗತಿಯ ಕನ್ನಡದ ಬೆಂಚುಗಳು ಬರಿದಾದರೆ, ಕಂಬದ ಮೇಲಿನ ಬಣ್ಣ ಯಾರನ್ನು ಪ್ರತಿನಿಧಿಸೀತು?